ಫೀಡ್ ನಿಂತ ಮೇಲಿನ 24 ಗಂಟೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ದೊರೆ,

"ತಿಂಗಳ ಕೊನೆಗೆ ಮ್ಯೂಸಿಕ್ ಫೀಡ್ ನಿಲ್ಲುತ್ತಂತೆ, ಏನ್ ಮಾಡ್ಲಿ?" ಅಂತ ಒಂದೇ ಸಾಲು ಬರೆದು ಕೆಳಗೆ ಮೂರು ಅಳುವ ಮುಖ ಅಂಟಿಸಿದ್ದೀಯ. ಉತ್ತರ ನಿನಗೊಬ್ಬನಿಗೇ ಕಳಿಸಬಹುದಿತ್ತು. ಹೊರಗಿನವರು ಹಾಡು, ನಿರೂಪಣೆ ಸೇರಿಸಿ ಕಳಿಸೋ ಇಂಥ ಫೀಡನ್ನೇ ನಂಬಿ, ಈಗ ಇದೇ ಪ್ರಶ್ನೆ ತಲೆ ಮೇಲೆ ಹೊತ್ತುಕೊಂಡಿರೋ ಸಣ್ಣ ರೇಡಿಯೊ ಸ್ಟೇಷನ್ನಿನವರು ಬೇರೆಯವರೂ ಇರ್ತಾರೆ, ಅವರೂ ಓದಲಿ ಅಂತ ಎಲ್ಲರೆದುರೇ ಬರೀತಿದ್ದೀನಿ.

ಈ ಸಂಕಟ ಹೊಸದೇನಲ್ಲ ಕಣೋ. ಅಮೆರಿಕದಲ್ಲಿ 1970ರ ಜುಲೈ 4ರಂದು ಶುರುವಾದ 'ಅಮೆರಿಕನ್ ಟಾಪ್ 40' ವಾರವಾರ ಎಲ್‌ಪಿ ರೆಕಾರ್ಡುಗಳಲ್ಲಿ ಸ್ಟೇಷನ್ನುಗಳಿಗೆ ಹೋಗ್ತಿತ್ತು. ದೊಡ್ಡ ಟೇಪ್ ರೀಲುಗಳಲ್ಲಿ ಬರ್ತಿದ್ದ ಸಂಗೀತಕ್ಕೆ ಪ್ರತಿ ಹಾಡಿನ ಕೊನೆಯಲ್ಲಿ 25 ಹರ್ಟ್ಜ್‌ನ ಒಂದು ನಾದ ಸೇರಿಸಿರ್ತಿದ್ದರು. ಕೇಳುಗನ ಕಿವಿಗೆ ಬೀಳದ ಆ ನಾದ ಯಂತ್ರಕ್ಕೆ ಮಾತ್ರ "ಮುಂದಿನದು ಹಾಕು" ಅಂತ ಹೇಳ್ತಿತ್ತು. ಆಮೇಲೆ ಸ್ಯಾಟಲೈಟ್, ಈಗ ಡೌನ್‌ಲೋಡ್. ದಾರಿ ಬದಲಾಯ್ತು ಅಷ್ಟೆ, ಕಳಿಸೋನು ಕೈಬಿಟ್ಟರೆ ಇಲ್ಲಿ ಮೌನ ಅನ್ನೋದು ಬದಲಾಗಿಲ್ಲ.

ಮೊದಲ ಅಪಾಯ ಹಾಡು ಇಲ್ಲದಿರೋದಲ್ಲ, ಆಟೊಮೇಷನ್ (ಹಾಡು, ಜಾಹೀರಾತು ತಾನೇ ಓಡಿಸೋ ಸಾಫ್ಟ್‌ವೇರು) ಕಾಯ್ತಾ ಕೂರೋದು. ಸ್ಯಾಟಲೈಟ್ ಫೀಡ್ ಆದರೆ ನಿನ್ನ ಜಾಹೀರಾತು, ಸ್ಟೇಷನ್ ಹೆಸರಿನ ಜಿಂಗಲ್ ಎಲ್ಲ ರಿಸೀವರಿನ ರಿಲೇ ಸ್ವಿಚ್ಚಿನಿಂದ ಬರುವ ಸೂಚನೆಗೆ ಓಡ್ತಿರ್ತವೆ. ಫೀಡ್ ಸತ್ತರೆ ಸೂಚನೆಯೂ ಸತ್ತ ಹಾಗೆ. ಸಾಫ್ಟ್‌ವೇರು "ನಾನಿನ್ನೂ ಲೈವ್‌ನಲ್ಲಿದ್ದೀನಿ" ಅಂದುಕೊಂಡು ಖಾಲಿ ಚಾನೆಲ್ ತೆರೆದಿಟ್ಟುಕೊಂಡಿರುತ್ತೆ. ಹಾಗಾಗಿ ವಾರದ 168 ಗಂಟೆಗಳ ಕ್ಲಾಕುಗಳನ್ನೂ (ಆಯಾ ಗಂಟೆಯಲ್ಲಿ ಏನೇನು ಬರಬೇಕು ಅನ್ನೋ ಪಟ್ಟಿಗಳನ್ನ) ತೆರೆದು ನೋಡಿ ಫೀಡಿಗೆ ಹೋಗುವ ಸಾಲು ಅಳಿಸು. ರಾತ್ರಿ 3 ಗಂಟೆಯದನ್ನು ಎಲ್ಲರೂ ಮರೀತಾರೆ. ಫೈಲಿನಲ್ಲಿ ಬರುವ ಕಾರ್ಯಕ್ರಮವಾದರೆ ಕಷ್ಟ ಬೇರೆ ಥರ: ಹೊಸ ಫೈಲು ಬರದಿದ್ದರೆ ಅದೇ ಹೆಸರಿನ ಹಳೇ ಫೈಲೇ ಮತ್ತೆ ಓಡುತ್ತೆ, ಕಳೆದ ವಾರದ ಹಬ್ಬಕ್ಕೆ ಈ ವಾರ ಶುಭಾಶಯ. ಅಂಥ ಪ್ರತಿ ಫೈಲಿಗೂ ಅವಧಿ ಮುಗಿಯುವ ತಾರೀಕು ಹಾಕು.

ಈಗ ಲೆಕ್ಕ. ಹಾಡಿಗೆ ಸರಾಸರಿ 4 ನಿಮಿಷ, ಗಂಟೆಗೆ 12 ಹಾಡು ಅಂದರೆ ದಿನಕ್ಕೆ 288, ವಾರಕ್ಕೆ 2016 ಸಲ ಏನೋ ಒಂದು ಹಾಡು ಬೇಕು. ಇದನ್ನ ನೋಡಿದ ತಕ್ಷಣ ಜನ ಎಲ್ಲೆಲ್ಲಿಂದಲೋ 5000 ಹಾಡು ತಂದು ಸುರೀತಾರೆ. ಬೇಡ. ಕಿವಿಯಿಂದ ಪೂರ್ತಿ ಕೇಳಿ ಒಳಗೆ ಬಿಟ್ಟ 400 ಹಾಡು, ಯಾರೂ ಕೇಳದ 5000ಕ್ಕಿಂತ ಮೇಲು. ಒಂದು ಹಾಡು ಕೇಳಿ ವಿವರ ತುಂಬಿಸೋಕೆ 5 ನಿಮಿಷ ಅಂದರೂ 400 ಹಾಡಿಗೆ 33 ಗಂಟೆ ಹಿಡಿಯುತ್ತೆ. ಇಬ್ಬರು ಕೂತರೆ ಎರಡೂವರೆ ದಿನದ ಕೆಲಸ.

ಮೂರು ಗುಂಪು ಮಾಡು. 'ಅ' ಗುಂಪಿನಲ್ಲಿ ಈಗ ಓಡ್ತಿರೋ 10 ಹಾಡು, ಗಂಟೆಗೆ 3. 'ಆ' ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರೋವು, ಗಂಟೆಗೆ 4. 'ಇ' ಗುಂಪಿನಲ್ಲಿ ಹಳೆಯವು, ಅಪರೂಪದವು, ಗಂಟೆಗೆ 5. 'ಅ' ಗುಂಪಿನ ಹಾಡು 3 ಗಂಟೆ 20 ನಿಮಿಷಕ್ಕೊಮ್ಮೆ ಮರಳುತ್ತೆ. ಅದು ಜಾಸ್ತಿ ಅನ್ನಿಸಿದರೆ 17 ಹಾಡು ಮಾಡು, 5 ಗಂಟೆ 40 ನಿಮಿಷ ಆಗುತ್ತೆ.

ಹೆಚ್ಚಿನವರು ಬೀಳೋ ಹಳ್ಳ ಇರೋದು 'ಆ' ಗುಂಪಿನಲ್ಲಿ. ಅಲ್ಲಿ 96 ಹಾಡು ಇಟ್ಟೆ ಅಂದುಕೋ. ಗಂಟೆಗೆ 4ರಂತೆ 24 ಗಂಟೆಗೆ ಸರಿಯಾಗಿ 96! ಸಾಲಾಗಿ ಓಡಿಸಿದರೆ ಪ್ರತಿ ಹಾಡೂ ಪ್ರತಿದಿನ ಅದೇ ಹೊತ್ತಿಗೇ ಬರುತ್ತೆ. ಬೆಳಿಗ್ಗೆ 8ಕ್ಕೆ ಬಸ್ಸಿನಲ್ಲಿ ಕೇಳೋನಿಗೆ ನಿನ್ನ ಸ್ಟೇಷನ್ನಿನಲ್ಲಿ ಇರೋದೇ ನಾಲ್ಕು ಹಾಡು. 89 ಮಾಡು: 22 ಗಂಟೆ 15 ನಿಮಿಷಕ್ಕೊಂದು ಸುತ್ತು, ದಿನದಿನಕ್ಕೂ ಒಂದೂಮುಕ್ಕಾಲು ಗಂಟೆ ಹಿಂದಕ್ಕೆ ಜಾರುತ್ತೆ. 'ಇ' ಗುಂಪಿನಲ್ಲಿ 300 ಅನ್ನೋದು ನೋಡೋಕೆ ದುಂಡಗೆ ಚೆನ್ನಾಗಿದೆ, ಆದರೆ ದಿನಕ್ಕೆ 120ರಂತೆ ಐದು ದಿನಕ್ಕೊಮ್ಮೆ ಸರಿಯಾಗಿ ಅದೇ ಜಾಗಕ್ಕೆ ಬಂದು ನಿಲ್ಲುತ್ತೆ. 307 ಇಡು. ದುಂಡಗಿನ ಸಂಖ್ಯೆ ಕಂಡರೆ ಅನುಮಾನ ಪಡೋದು ಈ ಕಸುಬಿನ ಅರ್ಧ ಜಾಣತನ.

ಒಬ್ಬರೇ ಗಾಯಕರ ಎರಡು ಹಾಡಿನ ನಡುವೆ ಇಷ್ಟು ಅಂತರ ಇರಲಿ ಅನ್ನೋ ನಿಯಮ ಹಾಡು ಜೋಡಿಸೋ ಸಾಫ್ಟ್‌ವೇರುಗಳಲ್ಲಿ ಸಾಮಾನ್ಯವಾಗಿ ಇರುತ್ತೆ. 60 ನಿಮಿಷ ಅಂತ ಒತ್ತಿಬಿಡೋದು ಸುಲಭ. ಆದರೆ ನಿನ್ನ ಪ್ರತಿ ಗುಂಪಿನ ಕಾಲುಭಾಗ ಒಬ್ಬರೇ ಹಾಡಿದ್ದಾದರೆ ಗಂಟೆಗೆ ಸರಾಸರಿ ಮೂರು ಸಲ ಅವರು ಬರಲೇಬೇಕು, ಅಂದರೆ 20 ನಿಮಿಷಕ್ಕೊಮ್ಮೆ. ನಿಯಮ ಪಾಲಿಸೋಕೆ ಆಗೋದೇ ಇಲ್ಲ. ಆಗ ಯಂತ್ರ ನಿಯಮ ಮುರಿಯುತ್ತೆ, ಇಲ್ಲವಾ ಜಾಗ ಖಾಲಿ ಬಿಡುತ್ತೆ. ಎರಡನೆಯದೇ ಕೆಟ್ಟದ್ದು. ಖಾಲಿ ಜಾಗಕ್ಕೆ ಬೀಳೋಕೆ ನಿಯಮವೇ ಇಲ್ಲದ 30 ವಾದ್ಯಸಂಗೀತದ ತುಣುಕು ಬೇರೆ ಇಟ್ಟಿರು. ಗಂಟೆಯ ಕೊನೆಯ ಎರಡು ನಿಮಿಷ ತುಂಬೋಕೂ ಅವೇ ಆಗುತ್ತವೆ. 12 ಹಾಡು, ಮಾತು, ಜಾಹೀರಾತು ಎಲ್ಲ ಕೂಡಿಸಿ ಸರಿಯಾಗಿ 60 ನಿಮಿಷ ಯಾವತ್ತೂ ಆಗಲ್ಲ.

ಫೀಡ್ ನಿನಗೆ ಸದ್ದಿಲ್ಲದೆ ಮಾಡಿಕೊಡ್ತಿದ್ದ ಇನ್ನೊಂದು ಉಪಕಾರ ಲೆವೆಲ್. ಅವರು ಎಲ್ಲ ಹಾಡನ್ನೂ ಒಂದೇ ಜೋರಿಗೆ ತಂದು ಕಳಿಸ್ತಿದ್ದರು. ಹಳೇ ಸಿ.ಡಿ.ಯ ಹಾಡೊಂದು -18 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನೋದರ ಅಳತೆ) ಆಸುಪಾಸು ಇದ್ದರೆ ಈಚಿನದು -8ರ ಹತ್ತಿರ ಇರುತ್ತೆ. ಒಂದರ ಹಿಂದೆ ಒಂದು ಬಂದರೆ ಕೇಳುಗ ಬೆಚ್ಚಿಬಿದ್ದು ಗುಂಡಿ ತಿರುಗಿಸ್ತಾನೆ, ನಿನ್ನ ಕಡೆಗಲ್ಲ. ಪೀಕ್ (ಸದ್ದಿನ ಅತಿ ಎತ್ತರದ ತುದಿ) ನೋಡಿ ಸಮ ಮಾಡಬೇಡ; ಪೀಕ್ ಒಂದೇ ಇದ್ದ ಮಾತ್ರಕ್ಕೆ ಕಿವಿಗೆ ಜೋರು ಒಂದೇ ಆಗಲ್ಲ. ಇಡೀ ಹಾಡಿನ ಲೌಡ್‌ನೆಸ್ ಅಳೆದು ಒಂದು ಗುರಿಗೆ ತಾ. ಯುರೋಪಿನ ಪ್ರಸಾರ ಒಕ್ಕೂಟದ ಆರ್128 ಹೇಳೋದು -23. ನೀನು ಬೇರೆ ಗುರಿ ಇಟ್ಟುಕೊಂಡರೂ ತೊಂದರೆಯಿಲ್ಲ, ಎಲ್ಲಕ್ಕೂ ಅದೇ ಇರಲಿ. ಮೂಲ ಫೈಲು ಮುಟ್ಟಬೇಡ, ವ್ಯತ್ಯಾಸವನ್ನ ಟ್ಯಾಗಿನಲ್ಲಿ ಬರೆದಿಡು. ಟ್ರಾನ್ಸ್‌ಮಿಟರಿಗೆ ಮುಂಚೆ ಸದ್ದನ್ನ ಹದ ಮಾಡೋ ಪ್ರೊಸೆಸರನ್ನೂ ಮರೆಯಬೇಡ. ಅದನ್ನ ಫೀಡಿನ ಹದಕ್ಕೆ ತಿರುಗಿಸಿಟ್ಟಿರ್ತಾರೆ. ಹಸೀ ಫೈಲು ಬಂದ ತಕ್ಷಣ ಹಾಡಿನ ಮೌನದ ಜಾಗದಲ್ಲೆಲ್ಲ ಗದ್ದಲ ಮೇಲೆದ್ದು ಉಸಿರಾಡೋಕೆ ಶುರುಮಾಡುತ್ತೆ. ಹೊಸದಾಗಿ ಹೊಂದಿಸು.

ಎಂಪಿ3 ಬಿಟ್ಟುಬಿಡು. ಗಾತ್ರ ಕುಗ್ಗಿಸೋಕೆ ಒಮ್ಮೆ ಹಿಂಡಿದ್ದನ್ನ ಸ್ಟುಡಿಯೊದಿಂದ ಟ್ರಾನ್ಸ್‌ಮಿಟರಿಗೆ ಹೋಗೋ ಲಿಂಕಿನಲ್ಲಿ ಮತ್ತೆ ಹಿಂಡಿ, ಇಂಟರ್ನೆಟ್ ಸ್ಟ್ರೀಮಿಗೆ ಮೂರನೇ ಸಲ ಹಿಂಡಿದರೆ ತಾಳದ ಸದ್ದು ನೀರಲ್ಲಿ ಕಲಸಿದ ಹಾಗಾಗುತ್ತೆ. ಸಿ.ಡಿ. ಗುಣಮಟ್ಟದ ವೇವ್ ಫೈಲು ನಿಮಿಷಕ್ಕೆ ಸುಮಾರು 10 ಎಂ.ಬಿ.; ನಿನ್ನ ಮೂರು ಗುಂಪಿನ 406 ಹಾಡೂ ಸೇರಿ ಸುಮಾರು 17 ಜಿ.ಬಿ., ಗುಣಮಟ್ಟ ಕೆಡದಂತೆ ಕುಗ್ಗಿಸೋ ಫ್ಲ್ಯಾಕ್ ಮಾಡಿದರೆ ಇನ್ನೂ ಕಮ್ಮಿ. ಜಾಗ ಸಾಲದು ಅನ್ನೋ ನೆಪ ಇಲ್ಲ. ಕೇಳುವಾಗ ಒಂದು ಸಲ ಎಡ-ಬಲ ಚಾನೆಲ್ ಕೂಡಿಸಿ ಒಂದೇ ಮಾಡೋ ಮೊನೊ ಗುಂಡಿ ಒತ್ತು. ಅವೆರಡರಲ್ಲಿ ಒಂದರ ಅಲೆ ಉಲ್ಟಾ ಆಗಿದ್ದರೆ ಹಾಡಿದವರ ದನಿಯೇ ಮಾಯ. ಸಿಗ್ನಲ್ ಸೋತ ಕಡೆ ಎಷ್ಟೋ ರೇಡಿಯೊಗಳು ತಾವೇ ಮೊನೊಗೆ ಜಾರುತ್ತವೆ, ನಿನ್ನ ದೂರದ ಕೇಳುಗರು ಕೇಳೋದು ಅದನ್ನೇ. ಹಾಡಿನ ತುದಿಗಳನ್ನ ಕತ್ತರಿಸೋ ಕೆಲಸವನ್ನೂ ಪೂರ್ತಿ ಯಂತ್ರಕ್ಕೆ ಬಿಡಬೇಡ. -40 ಡಿಬಿಗಿಂತ ಕೆಳಗೆ ಮೌನ ಅಂತ ಹೇಳಿಕೊಟ್ಟರೆ, ಮೆಲ್ಲಗೆ ಏರುವ ಕೊಳಲನ್ನೂ ಅದು ಮೌನ ಅಂತಲೇ ಕತ್ತರಿಸುತ್ತೆ.

ಮೌನ ಪತ್ತೆ ಮಾಡೋ ಯಂತ್ರ ಇಲ್ಲದಿದ್ದರೆ ಬೇರೆ ಏನನ್ನೂ ಕೊಳ್ಳೋ ಮುಂಚೆ ಅದನ್ನ ಕೊಳ್ಳು. 20ರಿಂದ 30 ಸೆಕೆಂಡು ಸದ್ದಿಲ್ಲದಿದ್ದರೆ ಟ್ರಾನ್ಸ್‌ಮಿಟರ್ ಹತ್ತಿರ ಇಟ್ಟಿರೋ ಪ್ಲೇಯರಿಗೆ ಬದಲಾಗಬೇಕು. ಅದರಲ್ಲಿ ನಾಲ್ಕೈದು ಗಂಟೆಯ ಹಾಡು, ನಡುನಡುವೆ ಸ್ಟೇಷನ್ ಹೆಸರು. ಬರೀ ಸ್ಟುಡಿಯೊದ ಮಿಕ್ಸರ್ ಡೆಸ್ಕಿನ ಔಟ್‌ಪುಟ್ ಕಾದರೆ ಸಾಲದು, ಗಾಳಿಯಲ್ಲಿ ಬರ್ತಿರೋದನ್ನ ಒಂದು ರಿಸೀವರಿನಿಂದ ಕೇಳ್ತಿರಬೇಕು. ಇಷ್ಟಾದರೂ ಒಂದೇ ಹಾಡು ಇಡೀ ರಾತ್ರಿ ಸುತ್ತುತ್ತಿದ್ದರೆ ಅದಕ್ಕೆ ಗೊತ್ತಾಗಲ್ಲ, ಅದರ ಪಾಲಿಗೆ ಸದ್ದು ಇದ್ದರೆ ಎಲ್ಲ ಸರಿ.

ಹಕ್ಕಿನ ವಿಷಯ ಚಿಕ್ಕದಾಗಿ: ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ, ಇಂಟರ್ನೆಟ್ ಪ್ರಸಾರ ಅನೇಕ ಕಡೆ ಇನ್ನೂ ಬೇರೆ. ಫೀಡ್ ಜೊತೆ ಯಾವ ಪರವಾನಗಿ ಹೋಗುತ್ತೆ, ಯಾವುದು ನಿನ್ನ ಹೆಸರಲ್ಲೇ ಇದೆ ಅಂತ ಒಪ್ಪಂದ ತೆಗೆದು ಓದು. ಪ್ರತಿ ಹಾಡಿನ ಹೆಸರು, ಹಾಡಿದವರು, ಸಂಯೋಜಕರು, ಕಂಪನಿ, ಆ ಧ್ವನಿಮುದ್ರಣವನ್ನ ಗುರುತಿಸೋ 12 ಅಕ್ಷರದ ಐಎಸ್ಆರ್‌ಸಿ ಸಂಖ್ಯೆ ಈಗಲೇ ತುಂಬಿಸು. ವರ್ಷದ ಕೊನೆಗೆ ಹುಡುಕೋಕೆ ಕೂತರೆ ಅಳು ಬರುತ್ತೆ. ಮನೆಯಲ್ಲಿ ಹಾಡು ಕೇಳೋಕೆ ದುಡ್ಡು ಕಟ್ಟಿರೋ ಆ್ಯಪು ಪ್ರಸಾರಕ್ಕಲ್ಲ. ಹೌದು, ನಿನಗೇ ಹೇಳ್ತಿರೋದು.

ನಿರೂಪಕನ ವಿಷಯ ನೀನು ಕೇಳಿಲ್ಲ. ಬೇಕಂತಲೇ ಕೇಳಿಲ್ಲ ಅಂತ ನನ್ನ ಗುಮಾನಿ.

ಫೀಡಿನ ಆ ಮನುಷ್ಯ ಎಲ್ಲೋ ಕೂತು ಒಂದೇ ಸಲಕ್ಕೆ ಎಷ್ಟೋ ಊರುಗಳ ಹೆಸರು ತನ್ನ ದನಿಯಲ್ಲಿ ಹೇಳಿ ಕಳಿಸಿರ್ತಾನೆ. ಆ ಮೂರು ಸೆಕೆಂಡಿನ ತುಣುಕನ್ನ ನಾವು ಅವನ ಮಾತಿನ ಸಂದಿನಲ್ಲಿ ಸಿಕ್ಕಿಸ್ತೀವಿ. ಕೇಳುಗರಿಗೆ ಅವನು ನಮ್ಮ ಸ್ಟುಡಿಯೊದಲ್ಲೇ ಕೂತಿರೋನು. ನಿದ್ದೆ ಬಾರದವರಿಗೆ, ರಾತ್ರಿಪಾಳಿಯವರಿಗೆ ಅವನು ಹತ್ತಿರದವನು. ಈಗ ಅವನು ಹೋದ ಅಂತ ಹೇಗೆ ಹೇಳ್ತೀಯ? ಬಂದೇ ಇರಲಿಲ್ಲವಲ್ಲ.

ಇದಕ್ಕೂ ಒಂದು ವಿಧಾನ ಇದೆ: ವಾರದ ಮಧ್ಯದ ರಾತ್ರಿ ಬದಲಾಯಿಸೋದು, ಮೊದಲ ಗಂಟೆ ಅದೇ ಥರದ ಹಾಡು ಹಾಕೋದು, ಏನೂ ಹೇಳದಿರೋದು. ನಾಲ್ಕು ಗಂಟೆಯ ಕಾರ್ಯಕ್ರಮಕ್ಕೆ ಗಂಟೆಗೆ ಮೂರು ಮಾತು ಅಂತ 12 ತುಣುಕು, ಅರ್ಧ ಗಂಟೆಯಲ್ಲಿ ವಾಯ್ಸ್ ಟ್ರ್ಯಾಕ್ (ಮೊದಲೇ ಮುದ್ರಿಸಿಡೋ ಮಾತು) ಮುಗಿಯುತ್ತೆ. ಹವಾಮಾನ ಹೇಳಬಾರದು, ಸಮಯ ಹೇಳಬಾರದು, ಸಂಜೆ ಕೂತು ಬೆಳಗಿನ ಶುಭೋದಯ ಹೇಳಬಹುದು. ಯಾರೂ ಫೋನ್ ಮಾಡಲಿಲ್ಲ ಅಂದರೆ ಗೆದ್ದೆವು. ನನ್ನನ್ನ ಈಚೆಗೆ ಕಾಡ್ತಿರೋದು ಆ ಗೆಲುವೇ ಕಣೋ. ಕೇಳುಗನಿಗೆ ಗೊತ್ತಾಗದ ಹಾಗೆ ಬದಲಾಯಿಸೋದನ್ನೇ ನಾವು ಕೌಶಲ ಅಂತ ಕರೆದುಕೊಂಡೆವು. ಬದಲಾದದ್ದು ಗೊತ್ತೇ ಆಗದ ಮೇಲೆ, ಅವರ ಪಾಲಿಗೆ ನಾವು ಇದ್ದದ್ದಾದರೂ ಎಷ್ಟು? ನಿಜ ಹೇಳಲಾ, ಫೀಡ್ ಹೋದದ್ದಕ್ಕಿಂತ ಹೆಚ್ಚು ಭಯ ನನಗೆ "ಈ ಹಾಡು ಆರಿಸಿದ್ದು ಯಾರು?" ಅಂತ ಒಬ್ಬರು ಫೋನ್ ಮಾಡಿದರೆ ಏನು ಹೇಳಲಿ ಅನ್ನೋದು. ಫೀಡ್ ಇದ್ದಾಗ ಕೈ ತೋರಿಸೋಕೆ ಒಬ್ಬ ಇರ್ತಿದ್ದ. ನನಗೆ ಅವನ ಹಾಡುಗಳಿಗಿಂತ ಅವನು ಹೊತ್ತುಕೊಂಡಿದ್ದ ಆ ಜವಾಬ್ದಾರಿಯೇ ಇಷ್ಟವಾಗಿತ್ತು ಅಂತ ಕಾಣುತ್ತೆ.

ಸರಿ ಸರಿ, ಎಲ್ಲರೆದುರು ಬರೀತಿದ್ದೀನಿ ಅನ್ನೋದೇ ಮರೆತುಹೋಯ್ತು. ಇದನ್ನ ಓದಿ "ಅಣ್ಣಾ, ಮನಸ್ಸು ಮುಟ್ಟಿತು" ಅಂತ ಬರೆಯೋರು ದಯವಿಟ್ಟು ಮೊದಲು 89ರ ಲೆಕ್ಕ ಮಾಡಿ ನೋಡಿ. ನೀನು ಮಾತ್ರ ಒಂದು ಕೆಲಸ ಮಾಡು: ಮೊದಲ ವಾರ ಪ್ರತಿ ರಾತ್ರಿ ಅವನು ಬರ್ತಿದ್ದ ಹೊತ್ತಿಗೇ 20 ಸೆಕೆಂಡಿನಲ್ಲಿ ನೇರವಾಗಿ ಹೇಳು. ಆ ಕಾರ್ಯಕ್ರಮ ನಿಂತಿದೆ, ಅದು ಹೊರಗಿಂದ ಬರ್ತಿತ್ತು, ಇನ್ನು ಮೇಲೆ ಹಾಡು ಆರಿಸೋದು ನಾವೇ, ನಂಬರ್ ಇದು. ಫೋನ್ ಎತ್ತೋಕೆ ಒಬ್ಬರನ್ನ ಕೂರಿಸು. ಕೂರಿಸೋಕಾಗದಿದ್ದರೆ ನಂಬರ್ ಹೇಳಲೇಬೇಡ.

ಪಟ್ಟಿ ತಯಾರಾದ ಮೇಲೆ ಕಳಿಸು, ಒಂದು ಕಣ್ಣು ಹಾಯಿಸ್ತೀನಿ. 406ರಲ್ಲಿ ಎಲ್ಲಾದರೂ ನೀನು ಹಾಸ್ಟೆಲ್ ಮಹಡಿ ಮೇಲೆ ಹಾಡ್ತಿದ್ದ ಆ ಹಾಡು ಕಂಡರೆ ಮೌನ ಪತ್ತೆ ಯಂತ್ರದ ವೈರು ನಾನೇ ಬಂದು ಕೀಳ್ತೀನಿ.

ಇಂತಿ ನಿನ್ನ,
ಹಳೇ ರಿಸೀವರ್