ಗಾಳಿ ಪರೀಕ್ಷೆಯಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿಂದ ನಿಮ್ಮ ಬೇಕರಿ, ಅಣಬೆ ಘಟಕ, ಟಿಶ್ಯೂ ಕಲ್ಚರ್ ಲ್ಯಾಬ್‌ಗಳಲ್ಲಿ ಗಾಳಿಯ ಸ್ಯಾಂಪಲ್ ತೆಗೆಯುವ ರೀತಿ ಬದಲಾಗಲಿದೆ. ಇಷ್ಟು ದಿನ ಅಗಾರ್ ಪ್ಲೇಟಿನ (ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿ ಹಾಕಿದ ತಟ್ಟೆ) ಮುಚ್ಚಳ ತೆಗೆದಿಟ್ಟು, ಗಾಳಿಯಿಂದ ತಾನಾಗಿ ಬಿದ್ದ ಬೂಷ್ಟು, ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಎಣಿಸುತ್ತಿದ್ದೆವು. ಇನ್ನು ಪಂಪ್ ಇರುವ ಏರ್ ಸ್ಯಾಂಪ್ಲರ್ ತರುತ್ತೇವೆ. ಅದು ನಿಮಿಷಕ್ಕೆ 28.3 ಲೀಟರ್ ಗಾಳಿ ಎಳೆದು, 400 ಸಣ್ಣ ತೂತುಗಳ ಮೂಲಕ ಅಗಾರ್ ಮೇಲೆ ಹಾಯಿಸುತ್ತದೆ. ಆಂಡರ್ಸನ್ ಎಂಬ ಸಂಶೋಧಕರು 1958ರಲ್ಲಿ ಪ್ರಕಟಿಸಿದ ವಿನ್ಯಾಸದ ಯಂತ್ರವಿದು.

ಮೊದಲ ರಿಪೋರ್ಟ್ ನೋಡಿ ಗಾಬರಿಯಾಗಬೇಡಿ. ಹಳೆಯ ರಿಪೋರ್ಟಿನ ಅಂಕಿ ಪ್ಲೇಟಿನ ಮೇಲೆ ಬಿದ್ದದ್ದರ ಲೆಕ್ಕ. ಹೊಸದು ಒಂದು ಘನ ಮೀಟರ್ ಗಾಳಿಯಲ್ಲಿ ಇರುವುದರ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲು ಆಗುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಸೂತ್ರ ಹಾಕಿ ಬದಲಿಸಲೂ ಆಗದು.

ಯಾಕೆ ಅಂದರೆ, ಗಾಳಿಯಲ್ಲಿರುವ ಎಲ್ಲವೂ ಒಂದೇ ವೇಗದಲ್ಲಿ ಕೆಳಗಿಳಿಯುವುದಿಲ್ಲ. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಗಾತ್ರದ ಕಣ 2 ಮೀಟರ್ ಎತ್ತರದಿಂದ ನೆಲ ಮುಟ್ಟಲು ಸುಮಾರು 11 ನಿಮಿಷ ಸಾಕು. 1 ಮೈಕ್ರಾನ್ ಕಣಕ್ಕೆ ಸುಮಾರು 16 ಗಂಟೆ ಬೇಕು. ಬ್ರೆಡ್ ಮೇಲೆ ಹಸಿರು ಬೂಷ್ಟು ತರುವ ಪೆನಿಸಿಲಿಯಂನ ಸ್ಪೋರ್ (ಬೂಷ್ಟಿನ ಬೀಜದಂಥ ಕಣ) ಸುಮಾರು 3 ಮೈಕ್ರಾನ್. ಫ್ಯಾನ್ ಹಾಕಿದರೆ ಅದು ತೇಲುತ್ತಲೇ ಇರುತ್ತದೆ. ಹಾಗಾಗಿ ತೆರೆದ ಪ್ಲೇಟಿನಲ್ಲಿ ಆಲ್ಟರ್ನೇರಿಯಾ ಎಂಬ ಬೂಷ್ಟಿನದಂಥ ದೊಡ್ಡ ಸ್ಪೋರ್‌ಗಳ ಪಾಲು ಜಾಸ್ತಿ ಕಾಣುತ್ತದೆ, ಸಣ್ಣವುಗಳ ಪಾಲು ಕಡಿಮೆ. ಎಷ್ಟಿವೆ ಎನ್ನುವುದು ಮಾತ್ರವಲ್ಲ, ಯಾವ್ಯಾವುದು ಇವೆ ಎನ್ನುವ ಪಟ್ಟಿಯೇ ಬೇರೆಯಾಗುತ್ತದೆ. ಈ ಬದಲಾವಣೆಗೆ ನಮಗೆ ಮುಖ್ಯ ಕಾರಣ ಇದೇ.

ಯಂತ್ರಕ್ಕೂ ಮಿತಿ ಇದೆ. ಜೋರಾಗಿ ಬಡಿದಾಗ, ಗಾಳಿಗೆ ಅಗಾರ್ ಒಣಗಿದಾಗ ನಾಜೂಕಾದ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಅದಕ್ಕೇ ಒಂದು ಸ್ಯಾಂಪಲ್ ಸಾಮಾನ್ಯವಾಗಿ 10 ನಿಮಿಷಕ್ಕಿಂತ ಹೆಚ್ಚು ಓಡಿಸುವುದಿಲ್ಲ. ಅಣಬೆ ಬೆಳೆಯುವ ಕೋಣೆಯಲ್ಲಿ ಇನ್ನೂ ಕಡಿಮೆ. ಅಲ್ಲಿ ಸಿಂಪಿ ಅಣಬೆಯ ಸ್ಪೋರ್‌ಗಳೇ ಗಾಳಿ ತುಂಬ ಇರುತ್ತವೆ ಅಲ್ವಾ? ಒಂದೇ ತೂತಿನಿಂದ ಎರಡು ಮೂರು ಜೀವಿ ಬಂದರೂ ಬೆಳೆದಾಗ ಒಂದೇ ಕಾಲೊನಿಯಾಗಿ (ಕಣ್ಣಿಗೆ ಕಾಣುವ ಚುಕ್ಕೆಯಾಗಿ) ಕಾಣಬಹುದು. ಅದನ್ನು ಸರಿಪಡಿಸಲು ಒಂದು ಕೋಷ್ಟಕವಿದೆ, ಅದರಂತೆ ತಿದ್ದಿದ ಅಂಕಿಯನ್ನೇ ರಿಪೋರ್ಟಿನಲ್ಲಿ ಕೊಡುತ್ತೇವೆ. ಅಣಬೆ ಘಟಕದವರು ಸಾಧ್ಯವಾದರೆ ಅಣಬೆ ಬಿರಿದು ಸ್ಪೋರ್ ಚೆಲ್ಲುವ ಮುಂಚೆ ನಮ್ಮನ್ನು ಕರೆಯಿರಿ.

ತೆರೆದ ಪ್ಲೇಟನ್ನು ಪೂರ್ತಿ ಬಿಡುತ್ತಿಲ್ಲ. ಬ್ರೆಡ್ ಆರಲು ಇಟ್ಟ ರ‍್ಯಾಕಿನ ಹತ್ತಿರ, ಟಿಶ್ಯೂ ಕಲ್ಚರ್ ಬಾಟಲಿ ತೆರೆಯುವ ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿ ಹಾಯುವ ಮೇಜು) ಒಳಗೆ ಅದು ಇದ್ದೇ ಇರುತ್ತದೆ. ಅಲ್ಲಿ ನೀವು ತಿಳಿಯಬೇಕಾದದ್ದು ಪದಾರ್ಥದ ಮೇಲೆ ಏನು ಬೀಳುತ್ತಿದೆ ಎನ್ನುವುದನ್ನು. ಅದಕ್ಕೆ ತೆರೆದ ಪ್ಲೇಟ್‌ಗಿಂತ ನೇರವಾದ ಪರೀಕ್ಷೆ ಇಲ್ಲ.

ಬೇಕರಿಯವರಿಗೆ ಇನ್ನೊಂದು ಮಾತು. ಮಾಮೂಲಿ ಅಗಾರ್ ಜೊತೆಗೆ ಗ್ಲಿಸರಾಲ್ ಇರುವ ಡಿಜಿ18 ಎಂಬ ಅಗಾರನ್ನೂ ಬಳಸುತ್ತೇವೆ. ಸಿಹಿ, ಒಣ ತಿಂಡಿಗಳ ಮೇಲೆ ಬರುವ ಕೆಲವು ಬೂಷ್ಟುಗಳು ನೀರಿನಂಶ ಕಡಿಮೆ ಇರುವಲ್ಲೇ ಚೆನ್ನಾಗಿ ಬೆಳೆಯುತ್ತವೆ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಎಲ್ಲ ಹೆಸರೂ ಸಿಗುತ್ತದಲ್ಲ ಎಂದು ಕೆಲವರು ಕೇಳಿದ್ದೀರಿ. ಪ್ಲೇಟಿನಲ್ಲಿ ಬೆಳೆಯದ ಎಷ್ಟೋ ಜೀವಿಗಳು ಅದರಲ್ಲಿ ಕಾಣುವುದು ನಿಜ. ಆದರೆ ಸತ್ತವುಗಳೂ ಅದರಲ್ಲಿ ಸೇರಿಕೊಳ್ಳುತ್ತವೆ. ಗಾಳಿಯಲ್ಲಿ ಡಿಎನ್‌ಎ ಬಹಳ ಕಡಿಮೆ ಇರುವುದರಿಂದ ಫಿಲ್ಟರ್ ಮೂಲಕ ಗಂಟೆಗಟ್ಟಲೆ ಗಾಳಿ ಎಳೆಯಬೇಕು. ಪರೀಕ್ಷೆಗೆ ಬಳಸುವ ಕಿಟ್‌ನಿಂದಲೇ ಬಂದ ಡಿಎನ್‌ಎ ಯಾವುದು ಎಂದು ತಿಳಿಯಲು ಗಾಳಿ ಹಾಯಿಸದ ಖಾಲಿ ಫಿಲ್ಟರನ್ನೂ ಪರೀಕ್ಷಿಸಬೇಕು. ಪ್ರತಿ ತಿಂಗಳ ತಪಾಸಣೆಗೆ ಇದು ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಬೂಷ್ಟು ಪದೇಪದೇ ಬಂದು ಮೂಲವೇ ಸಿಗದಿದ್ದರೆ ಆಗ ಯೋಚಿಸೋಣ.

ಮೊದಲ ಎರಡು ಭೇಟಿಗಳಲ್ಲಿ ಹಳೆಯ, ಹೊಸ ಎರಡೂ ವಿಧಾನದಲ್ಲಿ ಸ್ಯಾಂಪಲ್ ತೆಗೆಯುತ್ತೇವೆ. ಇದಕ್ಕೆ ಹೆಚ್ಚುವರಿ ಹಣ ಇಲ್ಲ. ಆಮೇಲೆ ಹೊಸ ದರ ಅನ್ವಯಿಸುತ್ತದೆ, ದರಪಟ್ಟಿ ಜೊತೆಗಿದೆ.

ನಾವು ಬರುವ ದಿನ ವಿಶೇಷವಾಗಿ ಗುಡಿಸಿ ಒರೆಸಬೇಡಿ. ಕೆಲಸ ಎಂದಿನಂತೆ ನಡೆಯಲಿ, ಫ್ಯಾನ್, ಎಸಿ ಎಂದಿನಂತೆ ಓಡಲಿ. ಕೋಣೆಯಲ್ಲಿ ಎಷ್ಟು ಜನ ಇದ್ದರು, ಯಾವ ಬಾಗಿಲು ತೆರೆದಿತ್ತು ಎನ್ನುವುದನ್ನು ನಮ್ಮ ಹುಡುಗರು ಬರೆದುಕೊಳ್ಳುತ್ತಾರೆ. ದಯವಿಟ್ಟು ಸಹಕರಿಸಿ.

ಇಂತಿ ನಿಮ್ಮ,
ಲ್ಯಾಬ್ ಬಳಗ