ಗುಂಯ್ ಸದ್ದು ನಿಲ್ಲಿಸಿದ ಮೈಕ್‌ಸೆಟ್ ಅಣ್ಣನಿಗೆ

ತೀರ್ಥಹಳ್ಳಿಯ ಗಣಪತಿ ಪೆಂಡಾಲಿನಲ್ಲಿ ನಮ್ಮ ಬ್ಯಾಂಡಿನ ಮೊದಲ ಕಾರ್ಯಕ್ರಮ. ಹೊರಗೆ ಜಡಿಮಳೆ. ಶುರುವಾಗಲು ಇಪ್ಪತ್ತೇ ನಿಮಿಷ. ಗಿಟಾರ್ ಆಂಪ್ಲಿಫೈಯರಿನ ವೈರನ್ನು, ಎಲ್ಲ ಸದ್ದುಗಳನ್ನು ಬೆರೆಸುವ ಮಿಕ್ಸರ್‌ಗೆ ಚುಚ್ಚಿದ್ದೇ ತಡ, ಸ್ಪೀಕರ್ ತುಂಬ ಗುಂಯ್ ಸದ್ದು. ಅರ್ಥಿಂಗ್ ಪಿನ್ ತೆಗೆದುಬಿಡಿ ಅಂದರು ಯಾರೋ. ನೀವು ಕೈ ಅಡ್ಡ ಹಿಡಿದಿರಿ: "ಬ್ಯಾಡ, ನೆಲ ಒದ್ದೆ ಇದೆ, ಶಾಕ್ ಹೊಡೆಯುತ್ತೆ."

ಆಂಪ್ಲಿಫೈಯರ್ ವೇದಿಕೆಯ ಪ್ಲಗ್‌ನಲ್ಲಿತ್ತು, ಮಿಕ್ಸರ್ ಪೆಂಡಾಲಿನ ಆ ತುದಿಯಲ್ಲಿ. ಎರಡು ಅರ್ಥಿಂಗ್ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸವಿದ್ದರೂ ಸಾಕು, ಕೇಬಲ್ಲಿನ ಹೊರಸುತ್ತಿನ ತಂತಿಬಲೆಯಲ್ಲಿ ಕರೆಂಟ್ ಹರಿದು 50 ಹರ್ಟ್ಸ್‌ನ ಗುಂಯ್ ಹುಟ್ಟುತ್ತದೆ. ನೀವು ಎಕ್ಸ್‌ಟೆನ್ಷನ್ ಎಳೆದು ಎರಡನ್ನೂ ಒಂದೇ ಬೋರ್ಡಿಗೆ ಹಾಕಿದಿರಿ. ನಿಂತಿತು!

ಕರಕರ ಮಾತ್ರ ಉಳಿದಿತ್ತು. ಕೇಬಲ್ ಅಲ್ಲಾಡಿಸಿ ನೋಡಿ, ಜಾಕ್ ಬಿಚ್ಚಿ, ಬೆಸುಗೆ ಬಿಟ್ಟ ತಂತಿ ತೋರಿಸಿದಿರಿ. ಅರ್ಧ ಇಂಚು ಸುಲಿದು, ಎಳೆ ಹೊಸೆದು, ಮೊದಲು ತಂತಿಗೆ ಸೀಸ ಹಿಡಿಸಿ, ಆಮೇಲೆ ಬೆಸೆದಿರಿ. ಊದಲಿಲ್ಲ, ಊದಿದರೆ, ಅಲುಗಿದರೆ ಬೆಸುಗೆ ಸಡಿಲ. ತಾನಾಗಿ ಆರುವವರೆಗೆ ಬೆರಳು ಕದಲಿಸದೆ ಕೂತಿರಿ, ಅಂಗಿಯ ತುದಿಯಲ್ಲಿ ಒರೆಸಿ ಕೈಗಿಟ್ಟಿರಿ. ನನ್ನ ಕೈನಡುಕ ನಿಂತದ್ದು ಆಗಲೇ.

ಹೆಸರು ಕೇಳುವಷ್ಟರಲ್ಲಿ ಜನರೇಟರ್ ಕಡೆ ಓಡಿದ್ದಿರಿ. ಅದೇ ಕೇಬಲ್‌ನಲ್ಲಿ ಈಗಲೂ ನುಡಿಸುತ್ತಿದ್ದೇವೆ ಅಣ್ಣ. ಧನ್ಯವಾದ.