ಸಬ್‌ವೂಫರ್ ಸದ್ದು ಒಡೆಯುತ್ತಿದೆ: ಇದು ನಾಲ್ಕನೇ ದೂರು

ಇಂದ,
ನಿಮ್ಮ ಗ್ರಾಹಕ
ಸಾಗರ, ಶಿವಮೊಗ್ಗ ಜಿಲ್ಲೆ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ವಾರಂಟಿಯಲ್ಲಿರುವ ಸಬ್‌ವೂಫರ್ ಬದಲಿಸಿಕೊಡುವ ಬಗ್ಗೆ

ಮಾನ್ಯರೇ,

ಕಳೆದ ದೀಪಾವಳಿಗೆ ನಿಮ್ಮ 5.1 ಹೋಂ ಥಿಯೇಟರ್ (ಐದು ಸ್ಪೀಕರ್, ದಪ್ಪ ಸದ್ದಿಗೆ ಒಂದು ಸಬ್‌ವೂಫರ್) ಕೊಂಡೆ. 34,500 ರೂಪಾಯಿ. ಬಿಲ್ ನಕಲು ಜೊತೆಗಿದೆ. ಎರಡು ತಿಂಗಳು ಚೆನ್ನಾಗಿಯೇ ಇತ್ತು. ಸಂಕ್ರಾಂತಿ ಹೊತ್ತಿಗೆ ಸಬ್‌ವೂಫರ್ ಸದ್ದು ಒಡೆಯಲು ಶುರುವಾಯಿತು. ಅವತ್ತು ನಮ್ಮೂರ ಜಾತ್ರೆಯ ಡೊಳ್ಳು ಕುಣಿತದ ವಿಡಿಯೋ ಹಾಕಿದ್ದೆ. ಡೊಳ್ಳಿನ ಪೆಟ್ಟು ಎದೆಗೆ ತಟ್ಟಬೇಕು ಅಲ್ವಾ? ಇಲ್ಲಿ ಪ್ರತಿ ಪೆಟ್ಟಿನ ಬಾಲಕ್ಕೂ ಒಂದು ಗರ್ರ್ ಅಂಟಿಕೊಂಡು ಬಂತು. ಪಕ್ಕದಲ್ಲಿ ಕೂತಿದ್ದ ಅಮ್ಮ "ಡೊಳ್ಳು ಹರಿದಿದೆಯೇನೋ" ಅಂದರು.

ನಿಮ್ಮ ಟೆಕ್ನಿಷಿಯನ್ ಮೂರು ಸಲ ಬಂದು ಹೋಗಿದ್ದಾರೆ. ಮೊದಲ ಸಲ ರಿಮೋಟ್ ತಗೊಂಡು ಬಾಸ್ ಪೂರ್ತಿ ಇಳಿಸಿ "ಈಗ ಸರಿ ಹೋಯ್ತು ಸಾರ್" ಅಂದರು. ಸೋರುವ ನಲ್ಲಿಗೆ ಟ್ಯಾಂಕಿನ ವಾಲ್ವ್ ಮುಚ್ಚಿ ರಿಪೇರಿ ಆಯ್ತು ಅಂದ ಹಾಗೆ. ಎರಡನೇ ಸಲ ಕೇಬಲ್ ಹಾಳಾಗಿದೆ ಅಂತ 650 ರೂಪಾಯಿಯ ಹೊಸ ಕೇಬಲ್ ಹಾಕಿದರು. ಸದ್ದು ಅದೇ. ಮೂರನೇ ಸಲ ವೋಲ್ಟೇಜ್ ಮೇಲೆ ತಪ್ಪು ಹೊರಿಸಿ ಸ್ಟೆಬಿಲೈಸರ್ ತಗೊಳ್ಳಿ ಅಂದರು. ಅವರದೇ ಮೀಟರ್ 226 ವೋಲ್ಟ್ ತೋರಿಸುತ್ತಿತ್ತು, ಅಂದರೆ ಸರಿಯಾಗಿಯೇ ಇತ್ತು! ಮೂರೂ ಸಲ ಹೋಗುವಾಗ ಮರೆಯದೆ ಕೇಳಿದ್ದು ಒಂದೇ, ದೂರು ಮುಚ್ಚುವ ಒಟಿಪಿ. ಮೊದಲೆರಡು ಸಲ ಕೊಟ್ಟೆ, ನನ್ನದೇ ತಪ್ಪು. ಮೂರನೇ ಸಲ ಕೊಡಲಿಲ್ಲ. ಆದರೂ ಸಂಜೆ "ನಿಮ್ಮ ಸಮಸ್ಯೆ ಪರಿಹಾರವಾಗಿದೆ" ಅಂತ ಮೆಸೇಜ್ ಬಂತು.

ನಾನೇನೂ ಎಂಜಿನಿಯರ್ ಅಲ್ಲ. ಆದರೆ ಒಂದು ಭಾನುವಾರ ಪೂರ್ತಿ ಕೂತು ಒಂದೊಂದೇ ನೋಡಿದೆ. ನಿಮ್ಮವರು ಮಾಡಬೇಕಿದ್ದ ಕೆಲಸ ಇದು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಶೋಕೇಸ್ ಗಾಜಿನ ಮೇಲೆ ಅನುಮಾನ ಬಂತು. ನಿಜವಾಗಿಯೂ ಅದು ಸ್ವಲ್ಪ ಅದುರುತ್ತಿತ್ತು. ಸಬ್‌ವೂಫರನ್ನು ಅಲ್ಲಿಂದ ಎತ್ತಿ ಹಾಲ್ ಮಧ್ಯೆ ಚಾಪೆ ಮೇಲಿಟ್ಟೆ. ಗಾಜು ಸುಮ್ಮನಾಯಿತು, ಗರ್ರ್ ಹೋಗಲಿಲ್ಲ. ಆಮೇಲೆ ರಿಸೀವರ್ (ಎಲ್ಲ ಸ್ಪೀಕರ್‌ಗೂ ಸದ್ದು ಹಂಚುವ ಪೆಟ್ಟಿಗೆ) ಸೆಟಿಂಗ್. ಸಣ್ಣ ಸ್ಪೀಕರ್‌ಗಳನ್ನೆಲ್ಲ 'ಸ್ಮಾಲ್'ಗೆ ಹಾಕಿ, ಕ್ರಾಸ್‌ಓವರ್ (ಯಾವ ಮಟ್ಟದಿಂದ ಕೆಳಗಿನ ದಪ್ಪ ಸ್ವರ ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಜ್‌ಗೆ ಇಟ್ಟು, ಸಬ್‌ವೂಫರ್ ಮಟ್ಟವನ್ನು ಹೆಚ್ಚೂ ಕಡಿಮೆಯೂ ಇಲ್ಲದ ಸೊನ್ನೆ ಗುರುತಿಗೆ ತಂದು, ಅದರ ಬೆನ್ನಿಗಿರುವ ಗೇನ್ (ಸದ್ದು ಹೆಚ್ಚು ಕಡಿಮೆ ಮಾಡುವ) ತಿರುಗಣೆಯನ್ನು ಅರ್ಧಕ್ಕಿಂತ ಕೆಳಗಿಳಿಸಿದೆ. ಆಂಪ್ಲಿಫೈಯರ್ ಮೇಲೆ ಭಾರ ಜಾಸ್ತಿ ಆಗಿ ಸದ್ದು ಒಡೆಯುವುದಿದ್ದರೆ ಇಷ್ಟಕ್ಕೆ ನಿಲ್ಲಬೇಕಿತ್ತು. ನಮ್ಮದು ಮಾತಾಡುವಷ್ಟು ಸಣ್ಣ ಸದ್ದಿನಲ್ಲೂ ಗರಗರ ಅನ್ನುತ್ತದೆ.

ನಂತರ ರಿಸೀವರನ್ನೇ ಪಕ್ಕಕ್ಕಿಟ್ಟೆ. ಫೋನಿನಿಂದ ಬೇರೊಂದು ಕೇಬಲ್‌ನಲ್ಲಿ ನೇರ ಸಬ್‌ವೂಫರ್‌ಗೆ ಕೊಟ್ಟು, ಒಂದೇ ಸ್ವರ ನುಡಿಸುವ ಟೋನ್ ಆ್ಯಪ್‌ನಲ್ಲಿ 120 ಹರ್ಟ್ಜ್‌ನಿಂದ ನಿಧಾನಕ್ಕೆ ಇಳಿಸುತ್ತಾ ಬಂದೆ. 70ರವರೆಗೆ ಸ್ವಚ್ಛ. 50 ದಾಟಿ ಕೆಳಗೆ ಬಂದ ಕೂಡಲೇ ಗರ್ರ್. ಅಂದರೆ ಕೋನ್ (ಸ್ಪೀಕರ್‌ನಲ್ಲಿ ಅದುರುವ ತಟ್ಟೆ) ಜಾಸ್ತಿ ಹಿಂದೆ ಮುಂದೆ ಆಡಬೇಕಾದ ಕಡೆ ಮಾತ್ರ ತೊಂದರೆ. ರಿಸೀವರ್ ಕೆಟ್ಟಿಲ್ಲ, ಕೇಬಲ್ ಕೂಡ ಕೆಟ್ಟಿರಲಿಲ್ಲ. ಗಾಳಿ ಹೋಗುವ ತೂತಿನ ಸದ್ದೇನೋ ಅಂತ ಅದಕ್ಕೊಂದು ಹಳೇ ಸಾಕ್ಸ್ ತುರುಕಿ ನೋಡಿದ್ದೂ ಆಯಿತು. ಅದರ ಸದ್ದು ಬುಸ್ ಅಂತ ಇರುತ್ತದೆ, ಇದು ಬೇರೆ.

ಕೊನೆಗೆ ಪ್ಲಗ್ ಕಿತ್ತು, ಮುಂದಿನ ಬಟ್ಟೆಯ ಚೌಕಟ್ಟು ತೆಗೆದು, ಕೋನ್ ಸುತ್ತ ಬೆರಳುಗಳನ್ನು ಸಮವಾಗಿಟ್ಟು ಮೆಲ್ಲಗೆ ಒತ್ತಿದೆ. ಎಲ್ಲೂ ಹರಿದಿಲ್ಲ. ಆದರೆ ಒಳಗೆ ಹೋಗುವಾಗಲೂ ವಾಪಸ್ ಬರುವಾಗಲೂ ಕರ್‌ಕರ್ ಅನ್ನುತ್ತದೆ, ಮರಳು ಕಾಗದ ಉಜ್ಜಿದ ಹಾಗೆ. ಕಿವಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ. ನಮ್ಮೂರಿನ ರೇಡಿಯೋ ರಿಪೇರಿ ಅಂಗಡಿಯವರನ್ನು ಕರೆಸಿದೆ. ಅವರು ಕಿವಿ ಹತ್ತಿರ ಇಟ್ಟು ಒಂದೇ ಸಲ ಒತ್ತಿ "ಕಾಯಿಲ್ ಉಜ್ತಾ ಇದೆ" ಅಂದರು. ಕಾಯಿಲ್ ಅಂದರೆ ಕೋನ್ ಹಿಂದಿರುವ ತಂತಿ ಸುರುಳಿ; ಅಯಸ್ಕಾಂತದ ಸಂದಿಯಲ್ಲಿ ಅದಕ್ಕೆ ಇರುವ ಜಾಗ ಕೂದಲೆಳೆಯಷ್ಟು. ಒಂಚೂರು ವಾಲಿದರೂ ಗೋಡೆಗೆ ತಾಗುತ್ತದೆ. ಸಾಗಿಸುವಾಗ ಬಿದ್ದು ಹಾಗಾಯಿತೋ, ಮೊದಲೇ ಅಂಟಿಸಿದ್ದು ಸರಿ ಇರಲಿಲ್ಲವೋ, ಅದನ್ನು ನೀವು ನೋಡಿಕೊಳ್ಳಿ. ವಾರಂಟಿ ಸ್ಟಿಕ್ಕರ್ ಇದೆ ಅಂತ ಅವರು ಬಿಚ್ಚಲಿಲ್ಲ, ದುಡ್ಡೂ ತಗೊಳ್ಳಲಿಲ್ಲ. ಅರ್ಧ ನಿಮಿಷದ ಕೆಲಸ. ನಿಮ್ಮವರು ಮೂರು ಸಲ ಬಂದರೂ ಆ ಕೋನ್ ಮುಟ್ಟಲಿಲ್ಲ ಅನ್ನುವುದೇ ನನ್ನ ಸಿಟ್ಟು.

ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡಕ್ಕೆ ಮೂರು ಒತ್ತಿ ಅನ್ನುತ್ತದೆ. ಒತ್ತಿದರೆ ಹಿಂದಿಯಲ್ಲಿ ಮಾತಾಡುತ್ತಾರೆ. ಗರ್ರ್ ಅನ್ನುವುದನ್ನು ಹಿಂದಿಯಲ್ಲಿ ಹೇಗೆ ಹೇಳಲಿ? ಅದಕ್ಕೇ ಈ ಪತ್ರ.

ನನಗೆ ಬೇಕಾಗಿರುವುದು ಇಷ್ಟು. ಮುಚ್ಚಿದ ದೂರನ್ನು ಮತ್ತೆ ತೆರೆಯಿರಿ. ಸಬ್‌ವೂಫರ್ ಡ್ರೈವರನ್ನೋ (ಒಳಗಿನ ಸ್ಪೀಕರ್) ಇಡೀ ಡಬ್ಬವನ್ನೋ ಬದಲಿಸಿ. ಬೇಡದ ಕೇಬಲ್‌ನ 650 ರೂಪಾಯಿ ವಾಪಸ್ ಕೊಡಿ. ನಿಮ್ಮವರು ಓಡಾಡಿದ ಈ ತಿಂಗಳುಗಳನ್ನು ನನ್ನ ಒಂದು ವರ್ಷದ ವಾರಂಟಿಯಲ್ಲಿ ಕಳೆಯಬೇಡಿ. ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಬೇಕು, ಮೆಸೇಜ್ ಸಾಲದು.

ಹದಿನೈದು ದಿನ ಕಾಯುತ್ತೇನೆ. ಆಮೇಲೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದೊಳಗಿನ ಸಾಮಾನಿಗೆ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಹೋಗುವ ಆಸೆ ನನಗಿಲ್ಲ. ಟೋನ್ ಹಾಕಿ ರೆಕಾರ್ಡ್ ಮಾಡಿದ ವಿಡಿಯೋ ಇಮೇಲ್‌ಗೆ ಕಳಿಸಿದ್ದೇನೆ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಫೋನಿನ ಸ್ಪೀಕರ್‌ನಲ್ಲಿ ಈ ಸದ್ದು ಸರಿಯಾಗಿ ಕೇಳುವುದಿಲ್ಲ.

ಟೆಕ್ನಿಷಿಯನ್ ಬರುವ ಹಿಂದಿನ ದಿನ ಫೋನ್ ಮಾಡಿಸಿ. ಡಬ್ಬ ಇನ್ನೂ ಹಾಲ್ ಮಧ್ಯದಲ್ಲೇ ಇದೆ, ಮುಂದಿನ ಬಟ್ಟೆಯನ್ನೂ ತೆಗೆದೇ ಇಟ್ಟಿದ್ದೇನೆ.

ಇತಿ,
ನಿಮ್ಮ ಗ್ರಾಹಕ

ಜೊತೆಗೆ: ಬಿಲ್ ನಕಲು, ವಾರಂಟಿ ಕಾರ್ಡ್ ನಕಲು, ಕೇಬಲ್ ರಸೀದಿ